ನಾ, ನೀ, ಬಾ: ರಾಫ್ ಹಾಡುಗಳಿಂದ ಕಲಿಯಬಹುದಾದ್ದು

ಹಾಸನ, ಬೇಲೂರು, ಅರಸೀಕೆರೆ ಕಡೆಯ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಾ ಸ್ವಂತ ಹಾಡು ಕಟ್ಟಲು ಹೊರಟವರು ಇಟಲಿಯ ಗಾಯಕ ರಾಫ್ ಹಾಡುಗಳನ್ನು ವರ್ಷದ ಕ್ರಮದಲ್ಲಿ ಕೇಳಬೇಕು. ರಫಾಯೆಲೆ ರಿಯೆಫೊಲಿ ಅವರ ಪೂರ್ತಿ ಹೆಸರು. 1984ರ 'ಸೆಲ್ಫ್ ಕಂಟ್ರೋಲ್' ಇಂಗ್ಲಿಷಿನ ಡಾನ್ಸ್ ಹಾಡು. ಅದನ್ನೇ ಅದೇ ವರ್ಷ ಅಮೆರಿಕದ ಗಾಯಕಿ ಲಾರಾ ಬ್ರಾನಿಗನ್ ಹಾಡಿದ್ದು ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಹೋಯಿತು. ಆ ಗೆಲುವಿನ ಮೇಲೆಯೇ ಕೂರದೆ ರಾಫ್ ಇಟಾಲಿಯನ್ ಭಾಷೆಗೆ ಹೊರಳಿದರು. ಹಾಡು ಬರೆಯುವ ಬಿಗಾಟ್ಸಿ, ಟೊಟ್ಸಿ ಜೊತೆ ಸೇರಿ ಬರೆದ 'ಸಿ ಪುವೊ ದಾರೆ ದಿ ಪ್ಯೂ' 1987ರಲ್ಲಿ ಬೇರೆ ಗಾಯಕರ ದನಿಯಲ್ಲಿ ಇಟಲಿಯ ಹಾಡಿನ ಸ್ಪರ್ಧೆ ಸಾನ್‌ರೆಮೊ ಗೆದ್ದಿತು. 1989ರಲ್ಲಿ ಸ್ವತಃ ಅದೇ ವೇದಿಕೆಯಲ್ಲಿ 'ಕೋಸಾ ರೆಸ್ತೆರಾ...' ಹಾಡಿದರು. ಎಂಬತ್ತರ ದಶಕದಿಂದ ಮುಂದೆ ಉಳಿಯುವುದೇನು ಎಂಬ ಪ್ರಶ್ನೆಯ ಹಾಡದು.

ಈ ಹೊರಳಿನಲ್ಲಿ ಬದಲಾದದ್ದು ತಾಳ ಮಾತ್ರವಲ್ಲ. 'ಕಂಟ್ರೋಲ್' ಥರದ ಪದ ವ್ಯಂಜನದಲ್ಲಿ ಮುಗಿಯುತ್ತದೆ, ಬೀಟ್ ಮೇಲೆ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಇಟಾಲಿಯನ್ ಪದಗಳು ಬಹುತೇಕ ಅ, ಎ, ಒ ಥರದ ಸ್ವರಾಕ್ಷರದಲ್ಲಿ ಮುಗಿಯುತ್ತವೆ, ಒತ್ತು ಸಾಮಾನ್ಯವಾಗಿ ಕೊನೆಗಿಂತ ಒಂದಕ್ಷರ ಮೊದಲೇ ಬೀಳುತ್ತದೆ. ಸಾಲು ಗಟ್ಟಿಯಾಗಿ ಮುಗಿಯಬೇಕಾದರೆ ಕೊನೆಯಲ್ಲಿ ಒತ್ತಿರುವ ಪದ ಬೇಕು. 'ಪ್ಯೂ' ಅಂಥದ್ದು. 'ರೆಸ್ತೆರಾ' ಭವಿಷ್ಯತ್ಕಾಲದ ಕ್ರಿಯಾಪದ, ಒತ್ತು 'ರಾ' ಮೇಲಿದೆ.

ಕನ್ನಡಕ್ಕೂ ಇದೇ ಕಷ್ಟ. ಸಾಹಿತ್ಯ ಬರುವ ತನಕ ಇಂಗ್ಲಿಷ್ ಡಮ್ಮಿ ಪದ ಹಾಕಿ ಟ್ಯೂನ್ ಗುನುಗಿದರೆ ಸಾಲಿನ ಕೊನೆಗೆ ಒಂದೇ ಅಕ್ಷರದ ಜಾಗ ಉಳಿಯುತ್ತದೆ. ಆ ಜಾಗಕ್ಕೆ ಹೊಂದುವ ಪದಗಳು ನಮ್ಮಲ್ಲಿ ಕಡಿಮೆ: ನಾ, ನೀ, ಬಾ, ತಾ, ಹೂ. ಇವನ್ನೇ ತುರುಕಿ ತುರುಕಿ ಹಾಡು ಸಪ್ಪೆಯಾಗುತ್ತದೆ. ಇನ್ನೊಂದು ತಪ್ಪು ಇನ್ನೂ ಕೆಟ್ಟದ್ದು: 'ಮಾತು' ಎಂಬುದರ ಕೊನೆಯಕ್ಷರವನ್ನು ಎಳೆದರೆ 'ಮಾತೂ' ಆಗುತ್ತದೆ. 'ನಾನು' ಹೋಗಿ 'ನಾನೂ' ಆಗುತ್ತದೆ. ಅರ್ಥವೇ ಬೇರೆ!

ಹಾಗಾಗಿ ಮೊದಲು ರಿದಮ್ ನಿಲ್ಲಿಸಿ, ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳು) ಮಾತ್ರ ಹಿಡಿದು, ಕನ್ನಡ ಪದಗಳಲ್ಲೇ ಗುನುಗಿ. ನಾಲ್ಕು ಸಾಲು ಮಾತಾಡುವ ಹಾಗೆ ಓದಿ, ಉಸಿರು ಎಲ್ಲಿ ನಿಲ್ಲುತ್ತದೆಂದು ಗುರುತು ಹಾಕಿ. 'ಮಾತು' ಬಂದರೆ 'ಮಾ' ಎಳೆದು 'ತು'ವನ್ನು ಬೀಟ್ ದಾಟಿದ ಮೇಲೆ ಮುಟ್ಟಿ ಬಿಡಿ. ಗಟ್ಟಿ ಕೊನೆ ಬೇಕೇಬೇಕಾದರೆ ಪ್ರಶ್ನೆ ಕೇಳಿ. 'ಬರುವೆಯಾ' ಎಂಬಲ್ಲಿ 'ಬರುವೆ' ಮೂರು ಚಿಕ್ಕ ಸ್ವರಗಳಾಗಿ ಮುಂಚೆಯೇ ಓಡಲಿ, 'ಯಾ' ಸರಿಯಾಗಿ ಮೊದಲ ಬೀಟ್ ಮೇಲೆ ಬೀಳಲಿ. ನಮ್ಮ 'ರೆಸ್ತೆರಾ' ಇದೇ. ಡ್ರಮ್ ಪ್ಯಾಡ್ ಆಮೇಲೆ ಸೇರಿಸಿ, ಅದೂ ಎರಡನೇ ಚರಣದಿಂದ.