ಐವತ್ತೆರಡರಲ್ಲಿ ಇಪ್ಪತ್ತೇಳು ಹೋದರೆ ಮೂವತ್ತೈದು

ಮೂರನೇ ತರಗತಿ, 24 ಮಕ್ಕಳು, ನವೆಂಬರ್ 2024ರ ಮಾದರಿ ಪರೀಕ್ಷೆ. ಡಿಸೆಂಬರ್ 4ಕ್ಕೆ ಮಕ್ಕಳ ಕಲಿಕೆ ಅಳೆಯುವ ಪರಖ್ ರಾಷ್ಟ್ರೀಯ ಸರ್ವೇಕ್ಷಣೆ ಇದ್ದದ್ದರಿಂದ ವಾರಕ್ಕೊಂದು ಪತ್ರಿಕೆ ಬರೆಸಿ, ಸರಾಸರಿ ತೆಗೆದು, ಸಂಜೆಯೊಳಗೆ ಸುತ್ತಲಿನ ಶಾಲೆಗಳ ಕ್ಲಸ್ಟರ್ ಗ್ರೂಪಿಗೆ ಹಾಕಬೇಕಿತ್ತು. ಹನ್ನೊಂದನೇ ಪ್ರಶ್ನೆ 52 − 27. ಆಯ್ಕೆಗಳು 25, 35, 79, 31. ಏಳು ಮಕ್ಕಳು 25ಕ್ಕೆ ಗುರುತು ಹಾಕಿದ್ದರು. ಹದಿಮೂರು ಮಕ್ಕಳದು 35.

35 ಕಂಡ ಕೂಡಲೇ ನನಗೆ ಹೊಳೆದದ್ದು ಒಂದೇ ಕಾರಣ: ಹತ್ತರ ಮನೆಯಿಂದ ಸಾಲ ತಂದಿದ್ದಾರೆ, 12ರಲ್ಲಿ 7 ಕಳೆದಿದ್ದಾರೆ, ಆದರೆ ಮೇಲಿನ 5ನ್ನು 4 ಮಾಡಲು ಮರೆತಿದ್ದಾರೆ. ಎರಡು ವಾರ ಅದನ್ನೇ ತಿದ್ದಿಸಿದೆ. ಹತ್ತರ ಅಂಕಿ ಹೊಡೆದುಹಾಕು, ಮೇಲೆ ಒಂದು ಕಡಿಮೆ ಬರಿ, ಬಿಡಿಯ ಪಕ್ಕ ಒಂದು ಹಾಕು. ಮುಂದಿನ ಪತ್ರಿಕೆಯಲ್ಲಿ 63 − 28 ಕೊಟ್ಟೆ. ಸರಿ ಉತ್ತರ 35. ಹನ್ನೆರಡು ಮಕ್ಕಳು 45 ಗುರುತಿಸಿದ್ದರು. ಎರಡು ವಾರದ ಕೆಲಸಕ್ಕೆ ಒಂದೇ ಒಂದು ಮಗು ಕದಲಿತ್ತು.

ಆಗ ಒಬ್ಬ ಹುಡುಗಿಯನ್ನು ಮೇಜಿನ ಹತ್ತಿರ ಕರೆದು, ಬಾಯಲ್ಲಿ ಹೇಳುತ್ತಾ ಲೆಕ್ಕ ಮಾಡಲು ಹೇಳಿದೆ. ಪೆನ್ಸಿಲ್ ಒಮ್ಮೆಯೂ ತಡವರಿಸಲಿಲ್ಲ. “ಎಂಟರಲ್ಲಿ ಮೂರು ಹೋದ್ರೆ ಐದು, ಆರರಲ್ಲಿ ಎರಡು ಹೋದ್ರೆ ನಾಲ್ಕು. ನಲವತ್ತೈದು.” ಮೂರು ಮೇಲಿದೆಯಲ್ಲ, ಎಂಟನ್ನು ಯಾಕೆ ಮುಂದೆ ತಗೊಂಡೆ ಎಂದು ಕೇಳಿದೆ. “ಚಿಕ್ಕದರಲ್ಲಿ ದೊಡ್ಡದು ಕಳೆಯೋಕೆ ಬರಲ್ಲ ಅಂತ ನೀವೇ ಹೇಳಿದ್ರಲ್ಲ ಸರ್.”

ಹೇಳಿದ್ದು ನಿಜ. ಒಂದನೇ ತರಗತಿಯಿಂದ ನಾವೆಲ್ಲ ಹೇಳುವ ಮಾತೇ ಅದು. ಆಕೆ ಸಾಲ ತಂದೇ ಇರಲಿಲ್ಲ. ತರದೇ ಇದ್ದ ಸಾಲವನ್ನು ಕಡಿಮೆ ಮಾಡು ಎಂದು ನಾನು ಎರಡು ವಾರ ಕಲಿಸಿದ್ದೆ.

ತಪ್ಪು ನಾನು ಆರಿಸಿದ ಸಂಖ್ಯೆಗಳಲ್ಲೇ ಇತ್ತು. 52 − 27ರಲ್ಲಿ ಬಿಡಿಗಳು 2 ಮತ್ತು 7, ನಡುವಿನ ವ್ಯತ್ಯಾಸ ಐದು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುವ ಮಗುವಿಗೆ 7 − 2 = 5. ಸಾಲ ತಂದು ಹತ್ತನ್ನು ಇಳಿಸಲು ಮರೆತ ಮಗುವಿಗೂ 12 − 7 = 5. ಇಬ್ಬರೂ 35ಕ್ಕೇ ಬಂದು ನಿಲ್ಲುತ್ತಾರೆ. 63 − 28ರಲ್ಲೂ ಅದೇ ಐದು. 61 − 36, 74 − 49, 80 − 35 ಎಲ್ಲವೂ ಇದೇ ಜಾತಿ. ಕೆಳಗಿನ ಬಿಡಿ ಮೇಲಿನ ಬಿಡಿಗಿಂತ ಐದು ಹೆಚ್ಚಿದ್ದರೆ ಆ ಲೆಕ್ಕ ಎರಡು ಬೇರೆ ಬೇರೆ ತಪ್ಪುಗಳನ್ನು ಬೇರ್ಪಡಿಸಿ ತೋರಿಸಲಾರದು. ಇನ್ನು 31 ಎಂಬ ಆಯ್ಕೆ ಯಾವ ತಪ್ಪಿನಿಂದಲೂ ಹುಟ್ಟುವುದಿಲ್ಲ, ಜಾಗ ತುಂಬಿಸಲು ಹಾಕಿದ್ದು.

ಬದಲಿಗೆ 53 − 27 ಕೊಡಿ. ಸರಿ ಉತ್ತರ 26. ದೊಡ್ಡದರಲ್ಲಿ ಚಿಕ್ಕದು ಕಳೆದವರಿಗೆ 34, ಹತ್ತು ಇಳಿಸಲು ಮರೆತವರಿಗೆ 36, ಕೂಡಿದವರಿಗೆ 80. ನಾಲ್ಕೂ ಆಯ್ಕೆ ಏನಾದರೊಂದು ಹೇಳುತ್ತವೆ. ಸೊನ್ನೆ ಪರೀಕ್ಷಿಸಬೇಕೆಂದರೆ 40 − 16: ಸರಿ 24, ತಿರುಗಿಸಿ ಕಳೆದರೆ 36, ಇಳಿಸಲು ಮರೆತರೆ 34, ಸೊನ್ನೆಯಲ್ಲಿ ಏನು ಕಳೆದರೂ ಸೊನ್ನೆ ಎಂದುಕೊಂಡರೆ 30. ನಮ್ಮ ತರಗತಿಯಲ್ಲಿ 53 − 27 ಕೊಟ್ಟಾಗ 34ರ ಗುಂಪು ಹತ್ತು, 36ರದು ಎರಡು.

34ರ ಗುಂಪಿಗೆ ಅಂಕಿ ಹೊಡೆದುಹಾಕುವ ಅಭ್ಯಾಸ ಏನೂ ಮಾಡದು, ಕಡ್ಡಿಯೇ ಬೇಕು. ತೆಂಗಿನ ಗರಿಯ ಕಡ್ಡಿ, ಹತ್ತರ ಕಟ್ಟಿಗೊಂದು ರಬ್ಬರ್ ಬ್ಯಾಂಡ್. ಐದು ಕಟ್ಟು, ಮೂರು ಬಿಡಿ ಮಗುವಿನ ಮುಂದಿಡಿ. 27ನ್ನು ಬೇರೆ ರಾಶಿಯಾಗಿ ಇಡಬೇಡಿ. ಎರಡು ರಾಶಿ ಕಂಡರೆ ಮಗು ಮತ್ತೆ ಏಳು ಮತ್ತು ಮೂರನ್ನು ಹೋಲಿಸುತ್ತದೆ. ಕಪ್ಪು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯುವುದೂ ಬೇಡ, ಬಾಯಲ್ಲೇ ಕೇಳಿ: ನಿನ್ನ ಹತ್ತಿರ ಇರುವ 53ರಲ್ಲಿ ನನಗೆ 27 ಕೊಡು. ಎರಡು ಕಟ್ಟು ಸಲೀಸಾಗಿ ಕೊಡುತ್ತಾರೆ. ಬಿಡಿ ಏಳು ಕೊಡಲು ಹೋದಾಗ ಮೂರಕ್ಕೇ ಕೈ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಸುಮ್ಮನಿರಬೇಕು. ಅರ್ಧ ನಿಮಿಷ, ಕೆಲವರಿಗೆ ಒಂದು ನಿಮಿಷ. ಮಗು ತಾನೇ ರಬ್ಬರ್ ಬ್ಯಾಂಡ್ ಬಿಚ್ಚಬೇಕು. ನಾವು ಬಿಚ್ಚಿಕೊಟ್ಟರೆ ಮರುದಿನ ಮತ್ತೆ 34. ದಿನಕ್ಕೆ ನಾಲ್ಕು ಲೆಕ್ಕ, ಐದಾರು ದಿನ ಕಡ್ಡಿಯಲ್ಲೇ ಆದ ಮೇಲೆ ಬರವಣಿಗೆ. 36ರ ಗುಂಪಿಗೆ ಮಾತ್ರ ನನ್ನ ಹಳೆಯ ತಿದ್ದುಪಡಿ ಸಾಕಾಯಿತು.

ಆರನೇ ತರಗತಿಯ ತೊಂದರೆ ಬೇರೆ. ಇದೇ ಸರ್ವೇಕ್ಷಣೆಯಲ್ಲಿ ಅವರಿಗೆ 90 ನಿಮಿಷಕ್ಕೆ 51 ಪ್ರಶ್ನೆ, ಉತ್ತರದ ವೃತ್ತಕ್ಕೆ ಬಣ್ಣ ತುಂಬುವ ಓಎಂಆರ್ ಹಾಳೆಯನ್ನು ಮಕ್ಕಳೇ ತುಂಬಬೇಕಿತ್ತು. ಬರದ ಪ್ರಶ್ನೆ ಬಿಟ್ಟು ಮುಂದಿನದನ್ನು ಓದುತ್ತಾರೆ, ಆದರೆ ಹಾಳೆಯಲ್ಲಿ ಆ ಸಾಲು ಖಾಲಿ ಬಿಡುವುದಿಲ್ಲ. ಅಲ್ಲಿಂದ ಎಲ್ಲ ಉತ್ತರವೂ ಒಂದು ಸಾಲು ಮೇಲಕ್ಕೆ ಸರಿಯುತ್ತದೆ. ಜಾಣ ಮಗುವಿಗೆ ಇದ್ದಕ್ಕಿದ್ದಂತೆ ಕಡಿಮೆ ಅಂಕ ಬಂದರೆ ಕೀ ಉತ್ತರವನ್ನು ಒಂದು ಸಾಲು ಸರಿಸಿ ಮತ್ತೊಮ್ಮೆ ನೋಡಿ. ಹೊಂದಿಕೊಂಡರೆ ಪಾಠದ ತಪ್ಪಲ್ಲ, ಹಾಳೆಯ ತಪ್ಪು. ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಳ್ಳುವುದು, ಪ್ರತಿ ಐದು ಪ್ರಶ್ನೆಗೊಮ್ಮೆ ಪ್ರಶ್ನೆಸಂಖ್ಯೆ ಮತ್ತು ಸಾಲಿನ ಸಂಖ್ಯೆ ತಾಳೆ ನೋಡುವುದು, ಇಷ್ಟನ್ನು ಮೂರು ಸಲ ಮಾಡಿಸಿದರೆ ಸಾಕು.

ಸಭೆಯಲ್ಲಿ ಕೇಳುವುದು ಮಾತ್ರ ಸರಾಸರಿ. 24 ಮಕ್ಕಳಲ್ಲಿ ಒಂದು ಮಗುವೆಂದರೆ ಶೇ. 4ಕ್ಕಿಂತ ಹೆಚ್ಚು, ಒಬ್ಬಳು ಜ್ವರ ಬಂದು ಮಲಗಿದರೂ ಅಂಕಿ ಏರಿಳಿಯುತ್ತದೆ. ಅಷ್ಟಕ್ಕೂ ಈ ಸರ್ವೇಕ್ಷಣೆ ನಡೆಯುವುದು ಆಯ್ದ ಶಾಲೆಗಳಲ್ಲಿ, ಅದರ ವರದಿ ಬರುವುದು ಜಿಲ್ಲೆ, ರಾಜ್ಯ, ದೇಶದ ಮಟ್ಟಕ್ಕೆ. ಮಗುವಿಗೆ ಅಂಕಪಟ್ಟಿ ಇಲ್ಲ. ಜುಲೈ 2025ರಲ್ಲಿ ಬಂದ ದೇಶದ ಫಲಿತಾಂಶದ ಪ್ರಕಾರ ಎರಡಂಕಿಯ ಸಂಖ್ಯೆ ಕೂಡಿ ಕಳೆಯಬಲ್ಲ ಮೂರನೇ ತರಗತಿಯ ಮಕ್ಕಳು ಶೇ. 58. ಉಳಿದವರಲ್ಲಿ ಎಷ್ಟು ಜನ 34ರವರು, ಎಷ್ಟು ಜನ 36ರವರು ಎಂಬುದು ಆ ಅಂಕಿಯಿಂದ ಗೊತ್ತಾಗದು. ಅದು ಸಿಗುವುದು ತರಗತಿಯಲ್ಲೇ, ಹಾಳೆಯ ಮೇಲೆ ಆಯ್ಕೆವಾರು ಗೀಟು ಎಳೆದು ಎಣಿಸಿದರೆ. 24 ಮಕ್ಕಳ ಒಂದು ಪತ್ರಿಕೆಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಕಳಿಸುವ ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ. ಷರಾ ಎಂಬ ಕೊನೆಯ ಕಾಲಂನಲ್ಲಿ ಈಗ ಬರೆದು ಕಳಿಸುತ್ತಿದ್ದೇನೆ: 53 − 27, 34 ಎಂದವರು ನಾಲ್ವರು, ಕಡ್ಡಿಯಲ್ಲಿ ಮುಂದುವರಿದಿದೆ.