ಕಂಬದ ತುದಿಯ ಸೀರೆ ಚೂರು

ಆನೆಗೊಂದಿಯ 64 ಕಂಬದ ಮಂಟಪಕ್ಕೆ ಕಾಲಿಟ್ಟಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕೆತ್ತನೆಯಲ್ಲ, ಒಂದು ಸೀರೆ ಚೂರು. ಕಂಬದ ತುದಿಗೂ ಮೇಲಿನ ಚಪ್ಪಡಿಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಬಣ್ಣ ಹೋಗಿ ಮಣ್ಣಿನ ಹಾಗಾಗಿತ್ತು. ಜೊತೆಗೆ ಒಂದಿಷ್ಟು ಒಣಹುಲ್ಲು, ಒಂದು ಗುಟ್ಕಾ ಚೀಟಿ. ಕೈ ಎತ್ತಿದೆ, ಎಟುಕಲಿಲ್ಲ.

"ಅಲ್ಲಿಗೆ ಹೆಂಗ ಹೋತು ಮಾವ?"

"ಹೊಳಿ ಇಟ್ಟು ಹೋಗೈತಿ."

ಯುಗಾದಿಗೆಂದು ಗಂಗಾವತಿಗೆ ಹೋಗಿದ್ದೆ. ಮಧ್ಯಾಹ್ನ ಸುಮ್ನೆ ಕೂರುವ ಬದಲು ಸೋದರಮಾವನ ಬೈಕ್ ಹತ್ತಿ ಹೊಳೆದಂಡೆಗೆ ಬಂದಿದ್ದೆವು. ಬೇಸಿಗೆಯ ತುಂಗಭದ್ರೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಈ ಮಂಟಪ ಕೃಷ್ಣದೇವರಾಯನ ಸಮಾಧಿ ಅಂತ ಊರವರ ಮಾತು. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ಇದು ಮುಳುಗುತ್ತದೆ, ಪೇಪರಿನಲ್ಲಿ ಫೋಟೊ ಬರುತ್ತದೆ. ಆ ಫೋಟೊ ನೋಡಿ ಪ್ರತಿ ಸಲ "ಅಯ್ಯೋ" ಅಂದುಕೊಂಡವನು ನಾನು.

ಕಳೆದ ವರ್ಷ ಅಹಮದಾಬಾದಿನಲ್ಲಿ ಸಾಬರಮತಿ ದಂಡೆಯ ಮೇಲೆ ಅಡ್ಡಾಡಿದ್ದೆ. ಎರಡೂ ಕಡೆ ಎತ್ತರದ ಕಾಂಕ್ರೀಟ್ ಗೋಡೆ. ನದಿ ಕಾಲುವೆಯ ಹಾಗೆ ನೆಟ್ಟಗೆ ಹೋಗುತ್ತದೆ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ನಮ್ಮಲ್ಲೂ ಹೀಗೊಂದು ಗೋಡೆ ಕಟ್ಟಿ ಮಂಟಪ ಉಳಿಸಬಾರದಾ ಅಂತ ಮಾವನಿಗೆ ಹೇಳಿದೆ. ಅವರು ಉತ್ತರ ಕೊಡದೆ ಕಂಬಗಳ ನಡುವೆ ಈ ಕಡೆಯಿಂದ ಆ ಕಡೆಗೆ ನಡೆದುಹೋದರು. ಅಡ್ಡ ಏನೂ ಸಿಗಲಿಲ್ಲ. ಆಗ ಹೊಳೆಯಿತು: ಇಲ್ಲಿ ಗೋಡೆಯೇ ಇಲ್ಲ. ಬರೀ ಕಂಬ. ನೀರು ಬಂದರೆ ಹಾಯ್ದು ಹೋಗಲಿ ಅಂತ ಬಿಟ್ಟ ಹಾಗಿದೆ.

ಕಂಬದ ಮೇಲೆ ಕೈಯಾಡಿಸಿದೆ. ಕೆತ್ತನೆಯ ಅಂಚುಗಳು ನಯವಾಗಿದ್ದವು, ಗೆರೆಗಳ ಗುಳಿಯಲ್ಲಿ ಒಣಗಿದ ರೇವೆ. ಎದೆಮಟ್ಟದಲ್ಲಿ ಯಾವನೋ ಪುಣ್ಯಾತ್ಮ ಬಣ್ಣದಲ್ಲಿ ತನ್ನ ಹೆಸರು, ಅವಳ ಹೆಸರು ಬರೆದಿದ್ದ. ಅವನದು ಅರ್ಧ ಅಳಿಸಿತ್ತು.

ಅಲ್ಲಿಂದ ನವವೃಂದಾವನದ ನಡುಗಡ್ಡೆಯ ಕಡೆ ನೋಡುತ್ತಾ ಕೂತೆವು. ಮಾಧ್ವ ಯತಿಗಳ ಒಂಬತ್ತು ವೃಂದಾವನಗಳಿರುವ ಜಾಗ. 1539ರಲ್ಲಿ ತೀರಿಕೊಂಡ ವ್ಯಾಸರಾಜರದೂ ಅಲ್ಲೇ ಇದೆ. 2019ರ ಜುಲೈನಲ್ಲಿ ನಿಧಿಯಾಸೆಗೆ ಕಳ್ಳರು ಅದನ್ನು ಒಡೆದುಹಾಕಿದ್ದರು. ಭಕ್ತರು ಬೇಗನೆ ಮತ್ತೆ ಕಟ್ಟಿದರು. "ಹೊಳಿಗಿಂತ ಮಂದೀನ ಕಾಯಬೇಕು," ಅಂದರು ಮಾವ.

ಮಾವ ಚಿಕ್ಕವರಿದ್ದಾಗ ಹಂಪಿಗೆ ಹರಿಗೋಲಲ್ಲೇ ದಾಟುತ್ತಿದ್ದರಂತೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನೇ ಬರೆದಿದ್ದಾನೆ: ಬುಟ್ಟಿಯಂಥ ದುಂಡು ದೋಣಿ, ಹೊರಗೆ ಚರ್ಮ, 15–20 ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಟಾರು. ಸುತ್ತುವುದು ಮಾತ್ರ ಹಾಗೇ ಇದೆ.

ಮಾವ ಹೊಳೆಗೆ ಹೆದರಿದ್ದು ನೀರು ಜಾಸ್ತಿ ಬಂದಾಗಲ್ಲ, ಖಾಲಿಯಾಗುತ್ತದೆ ಅಂದಾಗ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನು ಕಿತ್ತು ಕೊಚ್ಚಿಹೋಯಿತು. ರಿಪೇರಿಗೆ ಅರ್ಧಕ್ಕೂ ಜಾಸ್ತಿ ನೀರು ಬಿಡಬೇಕಾದೀತು ಅನ್ನುವ ಮಾತಿತ್ತು. ಭತ್ತದ ಗತಿ ಏನು? ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಮತ್ತು ತಂಡ ವಾರದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟು, ಇಳಿಸಿತು. "ಅವತ್ತ ಹೊಟ್ಟಿತುಂಬ ಉಂಡೆ ನೋಡು," ಅಂದರು.

ಹೊರಡುವಾಗ ಒಂದು ಕೋಲು ಹುಡುಕಿ ಆ ಸೀರೆ ಚೂರನ್ನು ಕೀಳಲು ಹೋದೆ.

"ಬಿಡಪಾ. ಶ್ರಾವಣದಾಗ ಬಂದು ತಾನ ಒಯ್ತೈತಿ."

ಕೋಲು ಬಿಸಾಕಿದೆ. ಮಾವ ಆಗಲೇ ಬೈಕ್ ಸ್ಟಾರ್ಟ್ ಮಾಡಿದ್ದರು. ದಾರಿಯಲ್ಲಿ ಮಿರ್ಚಿ ಮಂಡಕ್ಕಿ ತಿನ್ನುವುದಿತ್ತು.