ಬಾದಾಮಿಗೆ ಬರ್ತಿದೀವಿ, ಊಟ ಎಲ್ಲಿ ಮಾಡೋದು?

ದಸರಾ ರಜೆ ಹತ್ತಿರ ಬಂದರೆ ಸಾಕು, ಬೆಂಗಳೂರು, ಮೈಸೂರು ಕಡೆಯ ಗೆಳೆಯರ ಫೋನ್ ಶುರುವಾಗುತ್ತೆ. ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಲು ಹೊರಟಿರುತ್ತಾರೆ. ಬಾದಾಮಿಯ ಗುಹಾಲಯ, ಅಂದರೆ ಮೇಣಬಸದಿ, ಎಷ್ಟು ಹೊತ್ತಿಗೆ ತೆರೆಯುತ್ತೆ ಅಂತ ಯಾರೂ ಕೇಳುವುದಿಲ್ಲ. "ಜೋಳದ ರೊಟ್ಟಿ ಊಟ ಎಲ್ಲಿ ಚೆನ್ನಾಗಿರುತ್ತೆ? ಒಂದೆರಡು ಹೋಟೆಲ್ ಹೆಸರು ಕಳಿಸಿ" ಅನ್ನುವುದೇ ಎಲ್ಲರ ಪ್ರಶ್ನೆ. ಅದರ ಹಿಂದೆಯೇ ಇನ್ನೊಂದು ಬರುತ್ತೆ: "ಮೊದಲಿನ ರುಚಿ ಈಗ ಇಲ್ವಂತೆ, ಹೌದಾ?"

ಬಾಗಲಕೋಟೆಯವನಾದ್ದರಿಂದ ಇದು ನನಗೆ ತಪ್ಪಿದ್ದಲ್ಲ. ಎರಡಕ್ಕೂ ಒಟ್ಟಿಗೇ ಉತ್ತರ ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯ್ತು.

ಹೋಟೆಲ್ ಹೆಸರು ಹೇಳುವುದಿಲ್ಲ. ಗುಟ್ಟು ಮಾಡ್ತಿದೀನಿ ಅಂತಲ್ಲ. ನಮ್ಮ ಕಡೆ ಖಾನಾವಳಿಯ ರುಚಿ ಬೋರ್ಡಿನಲ್ಲಿಲ್ಲ, ಒಲೆ ಮುಂದೆ ಕೂತ ಹೆಣ್ಣುಮಗಳ ಕೈಯಲ್ಲಿದೆ. ಆಕೆ ಮಗಳ ಬಾಣಂತನಕ್ಕೆ ಅಂತ ಎರಡು ತಿಂಗಳು ಊರಿಗೆ ಹೋದರೆ ಮುಗೀತು. ಅದೇ ಬೋರ್ಡು, ಅದೇ ಟೇಬಲ್ಲು, ಊಟ ಮಾತ್ರ ಬೇರೆ. ಹಾಗಾಗಿ ಹೆಸರು ಬಿಟ್ಟು ಗುರುತು ಹೇಳುತ್ತೇನೆ. ಗುರುತು ಸಿಕ್ಕರೆ ಬಾಗಲಕೋಟೆ ಒಂದೇ ಯಾಕೆ, ಇಳಕಲ್ಲು, ಮುಧೋಳ, ಜಮಖಂಡಿ, ಎಲ್ಲಿ ಇಳಿದರೂ ನೀವೇ ಹುಡುಕಿಕೊಳ್ಳಬಹುದು.

ಒಳಗೆ ಕಾಲಿಟ್ಟ ಕೂಡಲೇ ಕಿವಿ ಕೊಡಿ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಪಟಪಟ ಸಪ್ಪಳ ಬರಬೇಕು. ಬರದಿದ್ದರೆ ರೊಟ್ಟಿ ಬೇರೆಲ್ಲಿಂದಲೋ ಬರುತ್ತಿದೆ ಅಂತ ಲೆಕ್ಕ. ಜೋಳಕ್ಕೆ ಗೋಧಿಯ ಹಾಗೆ ಅಂಟು ಇಲ್ಲ. ಕುದಿಯುವ ನೀರು ಹಾಕಿ, ಬಿಸಿ ಇರುವಾಗಲೇ ಅಂಗೈ ಒತ್ತಿ ನಾದಿದರೆ ಮಾತ್ರ ಹಿಟ್ಟಿಗೆ ಜಿಗಿ ಬರುತ್ತದೆ. ಹಿಟ್ಟು ಹಳತಾಗಿದ್ದರೆ ಎಷ್ಟು ನಾದಿದರೂ ಅಂಚು ಸೀಳುತ್ತೆ. ಅದಕ್ಕೇ ನಮ್ಮಲ್ಲಿ ಹಿಟ್ಟನ್ನು ತಿಂಗಳಿಗಾಗುವಷ್ಟು ಬೀಸಿಡುವುದಿಲ್ಲ, ಸ್ವಲ್ಪ ಸ್ವಲ್ಪವೇ ಗಿರಣಿಗೆ ಕಳಿಸುತ್ತಾರೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರಲ್ಲಿ ಅದ್ದಿದ ಬಟ್ಟೆ ಸವರಿ, ನೀರು ಆರುವಷ್ಟರಲ್ಲಿ ಮಗುಚಬೇಕು. ತಡ ಮಾಡಿದರೆ ಸೀಳುತ್ತೆ, ಅವಸರ ಮಾಡಿದರೆ ಹಸಿ ಉಳಿಯುತ್ತೆ. ಇಷ್ಟು ಗೊತ್ತಿರುವ ಕೈ ಈಗ ಸಿಗುವುದು ಕಷ್ಟ. ಅದಕ್ಕೇ ಕೆಲವು ಕಡೆ ಜೋಳದ ಹಿಟ್ಟಿಗೆ ಸುಮ್ನೆ ಗೋಧಿ ಹಿಟ್ಟು ಬೆರೆಸಿ ಲಟ್ಟಿಸಿಬಿಡುತ್ತಾರೆ. ಕಂಡುಹಿಡಿಯುವುದು ಸುಲಭ. ತುತ್ತು ಮುರಿಯುವಾಗ ರೊಟ್ಟಿ ಎಳೆದುಕೊಂಡು ಬಂದರೆ ಗೋಧಿ ಸೇರಿದೆ. ಪಟ್ಟನೆ ಹರಿದರೆ ಜೋಳ.

ರೊಟ್ಟಿ ಆದಮೇಲೆ ಬದನೆಕಾಯಿ ಎಣ್ಣೆಗಾಯಿ. ಇದನ್ನು ನೋಡಿದರೆ ಅಡುಗೆಮನೆಯಲ್ಲಿ ಏನು ನಡೆಯುತ್ತಿದೆ ಅಂತ ಪೂರಾ ಗೊತ್ತಾಗುತ್ತೆ. ಎಳೆಯ ಸಣ್ಣ ಬದನೆಕಾಯಿಯನ್ನು ತೊಟ್ಟು ಬಿಡದೆ ನಾಲ್ಕು ಸೀಳು ಮಾಡಬೇಕು. ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಮಸಾಲಿ ಖಾರ, ಹುಣಸೆಹಣ್ಣು, ಒಂದು ಚೂರು ಬೆಲ್ಲ ಸೇರಿಸಿ ಕುಟ್ಟಿ ಆ ಸೀಳಿನೊಳಗೆ ತುಂಬಬೇಕು. ಆಮೇಲೆ ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ, ಎಣ್ಣೆ ಬಿಡುವವರೆಗೂ ಕಾಯಬೇಕು. ಈ ಕಾಯುವುದನ್ನೇ ಈಗ ಬಹಳ ಕಡೆ ಬಿಟ್ಟಿದ್ದಾರೆ. ಬದನೆಕಾಯಿ ಕರಿದಿಟ್ಟಿರುತ್ತಾರೆ. ಬೆಳಗ್ಗೆಯೇ ಒಂದು ದೊಡ್ಡ ಪಾತ್ರೆಯಲ್ಲಿ ಶೇಂಗಾ ಗ್ರೇವಿ ಕುದಿಸಿರುತ್ತಾರೆ. ಗಿರಾಕಿ ಬಂದಾಗ ಇದನ್ನು ಅದರೊಳಗೆ ಹಾಕಿ ಕೊಡುತ್ತಾರೆ. ಅದೇ ಗ್ರೇವಿಗೆ ದೊಣ್ಣಮೆಣಸಿನಕಾಯಿ ಬಿದ್ದರೆ ಇನ್ನೊಂದು ಹೆಸರು, ಕಾಳು ಬಿದ್ದರೆ ಮತ್ತೊಂದು. ಮೂರು ಬಟ್ಟಲು, ರುಚಿ ಒಂದೇ. ಕಾಯಿಯನ್ನು ಒಡೆದು ನೋಡಿ. ಒಳಗೆ ಮಸಾಲೆ ಇದ್ದು, ತೊಟ್ಟು ಜಗಿಯುವಷ್ಟು ಮೆತ್ತಗೆ ಬೆಂದಿದ್ದರೆ ನೀವು ಸರಿಯಾದ ಜಾಗದಲ್ಲಿ ಕೂತಿದ್ದೀರಿ. ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿ.

ಕೇಳದೇ ತಟ್ಟೆಗೆ ಏನು ಬೀಳುತ್ತದೆ ಅನ್ನುವುದನ್ನೂ ನೋಡಬೇಕು. ಶೇಂಗಾ ಹಿಂಡಿ (ಚಟ್ನಿಪುಡಿ), ಅದಕ್ಕೆ ಮೊಸರು ಅಥವಾ ಎಣ್ಣೆ, ಹಸಿ ಮೆಂತ್ಯೆ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ, ಕೆಂಪು ಖಾರ. ಇವಕ್ಕೆ ಬೇರೆ ದುಡ್ಡು ಕೇಳುವ ಜಾಗ ನನಗೆ ಆಗಿಬರುವುದಿಲ್ಲ. ಇನ್ನು "ಸೌತ್, ನಾರ್ತ್, ಚೈನೀಸ್" ಅಂತ ಬೋರ್ಡು ಹಾಕಿದ ಕಡೆ ಜೋಳದ ರೊಟ್ಟಿ ಕೇಳಲೇಬೇಡಿ. ಅಲ್ಲಿ ಗೋಬಿ ಮಂಚೂರಿ ತಿನ್ನಿ, ಅದನ್ನು ಚೆನ್ನಾಗೇ ಮಾಡುತ್ತಾರೆ.

ನನಗೆ ಅತಿ ಇಷ್ಟದ ಊಟ ಸಿಗುವ ಜಾಗಕ್ಕೆ ಬೋರ್ಡೂ ಇಲ್ಲ, ಗೋಡೆಯೂ ಇಲ್ಲ. ಬಾದಾಮಿಯಿಂದ ಐದು ಕಿಲೋಮೀಟರ್ ದೂರದಲ್ಲಿ ಬನಶಂಕರಿ ಗುಡಿ ಇದೆ. ಗುಡಿಯ ಮುಂದೆ ಹರಿದ್ರಾ ತೀರ್ಥದ ಹೊಂಡ. ಅಲ್ಲಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ತಲೆ ಮೇಲೆ ಬುಟ್ಟಿ ಹೊತ್ತು ಬಂದು ಕೂತಿರುತ್ತಾರೆ. ಬುಟ್ಟಿಯಲ್ಲಿ ಬಟ್ಟೆ ಸುತ್ತಿದ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಬದನೆಕಾಯಿ, ಕಾಳು ಪಲ್ಯ, ಪುಂಡಿಪಲ್ಯ, ಹಿಂಡಿ, ಕೆಂಪು ಖಾರ. ಪಕ್ಕದಲ್ಲಿ ಸಣ್ಣ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಕೆನೆ ಮೊಸರು. "ಬರ್ರೀ ಅಣ್ಣಾರ, ಊಟಾ ಮಾಡ್ರಿ, ಮೆತ್ತನ್ನ ರೊಟ್ಟಿ ಅದಾವು" ಅಂತ ಕರೆಯುತ್ತಾರೆ. ಮರದ ನೆರಳಲ್ಲಿ ಕೂತರೆ ರೊಟ್ಟಿ ಮೇಲೇ ಪಲ್ಯ ಹಾಕಿ ಕೊಡುತ್ತಾರೆ. ಬೆಂಗಳೂರಿನ ಗೆಳೆಯನೊಬ್ಬ "ಖಾರ ಬೇಡ ಅಕ್ಕಾ" ಅಂದಿದ್ದಕ್ಕೆ ಆಕೆ ನಕ್ಕು, "ಖಾರ ಇಲ್ದ ರೊಟ್ಟಿ ಹೆಂಗ ಇಳೀತೈತ್ರೀ?" ಅಂತ ಹಾಕಿಯೇಬಿಟ್ಟಳು. ಅವನು ಮೊಸರಿನ ಗಡಿಗೆ ಖಾಲಿ ಮಾಡಿ ಎದ್ದ.

ಆ ಊಟ ಯಾಕೆ ಚೆನ್ನಾಗಿರುತ್ತೆ ಅಂದರೆ ಅದು ವ್ಯಾಪಾರಕ್ಕಂತ ಬೇರೆ ಮಾಡಿದ ಅಡುಗೆ ಅಲ್ಲ. ಬೆಳಗ್ಗೆ ಮನೆಯವರಿಗೆ ಮಾಡಿದ್ದನ್ನೇ ಜಾಸ್ತಿ ಮಾಡಿ ಹೊತ್ತು ತಂದಿರುತ್ತಾರೆ. ಬನಶಂಕರಿ ಅಂದರೆ ಶಾಕಾಂಬರಿ, ಕಾಯಿಪಲ್ಲೆಯ ದೇವತೆ. ಬನದ ಹುಣ್ಣಿಮೆಯ ಜಾತ್ರೆಗೆ ಮೊದಲು ಪಲ್ಯೇದ ಹಬ್ಬ ಅಂತ 108 ಬಗೆಯ ಪಲ್ಯ ಮಾಡಿ ಎಡೆ ಕೊಡುತ್ತಾರೆ. ಅಂಥ ದೇವಿಯ ಗುಡಿ ಮುಂದೆ ಕೆಟ್ಟ ಪಲ್ಯ ಮಾರುವ ಧೈರ್ಯ ಯಾರಿಗಿದ್ದೀತು, ಅಲ್ವಾ?

ಇನ್ನು ಎರಡನೇ ಪ್ರಶ್ನೆ. ರುಚಿ ಕೆಟ್ಟಿದೆಯಾ? ಕೆಲವು ಕಡೆ ಕೆಟ್ಟಿದೆ, ಹೌದು. ಆದರೆ ಎಲ್ಲರೂ ಹೋಟೆಲಿನವರನ್ನು ಬೈಯುತ್ತಾರೆ. ನಾನು ಮೊದಲು ಮನೆಗಳ ಕಡೆ ಕೈ ತೋರಿಸುತ್ತೇನೆ.

ಖಾನಾವಳಿ ಶುರುವಾದದ್ದೇ ಮನೆಯಿಂದ. ಓದಲು ಬಂದ ಹುಡುಗರು, ಒಂಟಿ ನೌಕರದಾರರು, ಕೋರ್ಟು ಕಚೇರಿ ಕೆಲಸಕ್ಕೆ ಬಂದ ಹಳ್ಳಿಯವರು, ಇವರಿಗೆಲ್ಲ ಮನೆಯ ಪಡಸಾಲೆಯಲ್ಲೇ ಊಟ ಹಾಕುತ್ತಿದ್ದರು. ತಿಂಗಳ ಲೆಕ್ಕ. ಗಂಡ ತೀರಿಕೊಂಡ ಎಷ್ಟೋ ಹೆಣ್ಣುಮಕ್ಕಳು ಹೀಗೇ ಮಕ್ಕಳನ್ನು ಓದಿಸಿದ್ದಾರೆ. ಉಣ್ಣಲು ಬಂದವನಿಗೆ ಅವನ ಮನೆಯ ರೊಟ್ಟಿ ಹೇಗಿರುತ್ತೆ ಅಂತ ಗೊತ್ತಿತ್ತು. ಒಂದು ದಿನ ಹಿಂಡಿಯಲ್ಲಿ ಉಪ್ಪು ಹೆಚ್ಚಾದರೆ ಅಲ್ಲೇ ಹೇಳುತ್ತಿದ್ದ. ಈಗ ಹೇಳುವವರಿಲ್ಲ. ಯಾಕಂದರೆ ಅವನ ಮನೆಯಲ್ಲೂ ಪ್ಯಾಕೆಟ್ಟಿನ ಕಡಕ್ ರೊಟ್ಟಿಯೇ. ಬೈಯುವ ಗಿರಾಕಿ ಇಲ್ಲದ ಮೇಲೆ ಮಾಡುವವರಿಗೂ ಅಂಜಿಕೆ ಇರುವುದಿಲ್ಲ.

ಈ ನಾಲಿಗೆ ಹಿಂದೆ ಹೇಗೆ ತಯಾರಾಗುತ್ತಿತ್ತು ಅನ್ನುವುದಕ್ಕೆ ರೊಟ್ಟಿ ಹಬ್ಬ ನೋಡಬೇಕು. ನಾಗರ ಪಂಚಮಿಗೆ ಮೊದಲು ಬರುತ್ತದೆ. ವಾರ ಮೊದಲೇ ಮನೆ ಮನೆಯಲ್ಲಿ ಸಪ್ಪಳ ಶುರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ತೆಳ್ಳನೆ ಕಡಕ್ ರೊಟ್ಟಿ, ಒಂದರ ಮೇಲೊಂದು ಪೇರಿಸಿಡುತ್ತಾರೆ. ಹಬ್ಬದ ದಿನ ಕಾಳು ಪಲ್ಯ, ಎಣ್ಣೆಗಾಯಿ, ಬಗೆಬಗೆಯ ಹಿಂಡಿ ಮಾಡಿ, ತಟ್ಟೆಗೆ ಹಾಕಿ, ಮೇಲೆ ಬಟ್ಟೆ ಮುಚ್ಚಿ ಓಣಿಯ ಮನೆಗಳಿಗೆ ಹಂಚುವುದು. ಹಂಚಲು ಹೋಗುತ್ತಿದ್ದವರು ನಾವು ಹುಡುಗರು. ಹೋದ ತಟ್ಟೆ ಖಾಲಿ ವಾಪಸ್ ಬರುತ್ತಿರಲಿಲ್ಲ, ಆ ಮನೆಯ ರೊಟ್ಟಿ ಪಲ್ಯ ತುಂಬಿಕೊಂಡೇ ಬರುತ್ತಿತ್ತು. ಸಂಜೆ ಹೊತ್ತಿಗೆ ಓಣಿಯ ಎಲ್ಲ ಅಡುಗೆಮನೆಗಳೂ ನಮ್ಮ ತಟ್ಟೆಯಲ್ಲಿ! ಅವ್ವ ಒಂದು ತುತ್ತು ಬಾಯಿಗಿಟ್ಟು, "ಇದು ಮೂಲಿಮನಿ ಹಿಂಡಿ, ಬೆಳ್ಳುಳ್ಳಿ ಜಾಸ್ತಿ ಬಿದ್ದೈತಿ" ಅನ್ನುತ್ತಿದ್ದಳು. ಹಾಗೆ ತಿಂದು ಬೆಳೆದವನನ್ನು ಗೋಧಿ ಬೆರೆಸಿದ ರೊಟ್ಟಿ ಕೊಟ್ಟು ಏಮಾರಿಸುವುದು ಆಗದ ಮಾತು.

ಆಮೇಲೆ ಮುಳುಗಡೆ ಬಂತು. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರ್ ವರೆಗೆ ನೀರು ನಿಲ್ಲಿಸುವ ಲೆಕ್ಕದಲ್ಲಿ ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳು ಹಿನ್ನೀರಿಗೆ ಹೋದವು. ಅಲ್ಲಿನ ಜನ ನವನಗರದ ಸೆಕ್ಟರುಗಳಿಗೆ ಬಂದರು. ರಸ್ತೆ ಅಗಲ, ಮನೆಗೆ ಕಾಂಪೌಂಡು, ಗಾಳಿ ಬೆಳಕು ಎಲ್ಲ ಚೆನ್ನಾಗಿದೆ. ಆದರೆ ಹಳೇ ಓಣಿಯವರು ಒಬ್ಬರು ಒಂದು ಸೆಕ್ಟರ್, ಇನ್ನೊಬ್ಬರು ಮತ್ತೊಂದು. ರೊಟ್ಟಿ ಹಬ್ಬದ ತಟ್ಟೆ ಕೊಡಲು ಬೈಕ್ ಹತ್ತಬೇಕು. ಕೆಲವರು ಈಗಲೂ ಹತ್ತುತ್ತಾರೆ. ಉಳಿದವರು ಪಕ್ಕದ ಎರಡು ಮನೆಗೆ ಕೊಟ್ಟು ಮುಗಿಸುತ್ತಾರೆ.

ಇದನ್ನೆಲ್ಲ ಹೆಣ್ಣುಮಕ್ಕಳ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಒಲೆಯ ಝಳದಲ್ಲಿ ಕೂತು ದಿನಾ ಎರಡು ಹೊತ್ತು ಮನೆ ಮಂದಿಗೆಲ್ಲ ರೊಟ್ಟಿ ಬಡಿದವರ ಮಣಿಕಟ್ಟು, ಸೊಂಟ ಕೇಳಿ ನೋಡಿ. ನಮ್ಮ ವೈನಿ (ಅತ್ತಿಗೆ) ಶಾಲೆಯಲ್ಲಿ ಪಾಠ ಮಾಡಿ ಸಂಜೆ ಮನೆಗೆ ಬರುತ್ತಾರೆ. ವಾರದ ರೊಟ್ಟಿಯನ್ನು ಪಕ್ಕದ ಓಣಿಯ ಒಬ್ಬರಿಂದ ಕೊಳ್ಳುತ್ತಾರೆ. ಊಟಕ್ಕೆ ಕೂತಾಗ ನಾನು ಮುಖ ಸಣ್ಣಗೆ ಮಾಡಿದರೆ ಉತ್ತರ ಸಿದ್ಧ: "ಅಷ್ಟ್ ಆಸೆ ಇದ್ರ ನೀವ ಬಡೀರಿ, ನಾವೂ ಉಣ್ತೀವಿ." ಇದಕ್ಕೆ ನನ್ನ ಹತ್ತಿರ ಮಾತಿಲ್ಲ. ಆ ಪಕ್ಕದ ಓಣಿಯವರ ಮನೆ ನಡೆಯುವುದೂ ಇದೇ ರೊಟ್ಟಿಯಿಂದ. ಬೆಂಗಳೂರಿನ ಅಂಗಡಿಗಳಲ್ಲಿ ಕಡಕ್ ರೊಟ್ಟಿಯ ಕಟ್ಟು ಸಿಗುತ್ತದಲ್ಲ, ಅದರ ಹಿಂದೆಯೂ ಇಂಥ ಎಷ್ಟೋ ಕೈಗಳಿವೆ. ಕಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಅದರ ರುಚಿಯೂ ಬಹಳ ಬದಲಾಗಿಲ್ಲ. ಹೋದದ್ದು ಬಿಸಿ ರೊಟ್ಟಿ.

ಜೋಳದ ಕಥೆಯೂ ಇದರ ಜೊತೆ ಸೇರಿದೆ. ಹಿಂಗಾರಿ ಬಿಳಿಜೋಳಕ್ಕೆ ಹುನಗುಂದ ಕಡೆಯ ಎರೆ ಭೂಮಿ ಹೇಳಿ ಮಾಡಿಸಿದ್ದು. ಆದರೆ ಕೃಷ್ಣಾ, ಘಟಪ್ರಭಾ ನೀರು ಹತ್ತಿದ ಕಡೆ ಕಬ್ಬು ಬಂತು, ಗೋವಿನಜೋಳ ಬಂತು. ಮುಧೋಳ, ಜಮಖಂಡಿ ಕಡೆ ಹೋದರೆ ಕಣ್ಣು ಹಾಯುವಷ್ಟು ದೂರ ಕಬ್ಬೇ. ರೈತನದು ತಪ್ಪೇನಿಲ್ಲ, ಕಬ್ಬಿಗೆ ಫ್ಯಾಕ್ಟರಿ ಇದೆ. ಒಮ್ಮೊಮ್ಮೆ ಜೋಳದ ರೇಟು ಗೋಧಿಯನ್ನೂ ದಾಟುತ್ತದೆ. 2023ರಲ್ಲಿ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿದ ಮೇಲಂತೂ ಊರಿನವರಿಗಿಂತ ಪೇಟೆಯವರಿಗೇ ಜೋಳದ ಮೇಲೆ ಪ್ರೀತಿ ಜಾಸ್ತಿ. ಖಾನಾವಳಿಯವರು ಊಟದ ರೇಟು ಏರಿಸಿದರೆ ನಾವು ಗೊಣಗುತ್ತೇವೆ. ಪನ್ನೀರಿಗೆ ಅದರ ಎರಡರಷ್ಟು ಕೊಡುವಾಗ ಯಾರೂ ಗೊಣಗಲ್ಲ.

ಹಾಗಂತ ಮೊದಲಿನದೆಲ್ಲ ಚೆಂದ ಇತ್ತು ಅಂತಲೂ ಅಲ್ಲ. ಹಿಂದೆ ಹೆಣ್ಣುಮಕ್ಕಳು ಖಾನಾವಳಿಗೆ ಹೋಗಿ ಕೂರುವ ಹಾಗೇ ಇರಲಿಲ್ಲ. ಈಗ ವೈನಿ, ಅವ್ವ, ಮಕ್ಕಳು ಎಲ್ಲರೂ ಹೋಗಿ ನೆಮ್ಮದಿಯಾಗಿ ಉಂಡು ಬರುತ್ತೇವೆ. ಕೈತೊಳೆಯುವ ಜಾಗ ಶುಚಿಯಾಗಿದೆ, ನೀರು ಶುದ್ಧ. ಹೊಸದಾಗಿ ಶುರು ಮಾಡಿದ ಕೆಲವು ಹುಡುಗರು ರೊಟ್ಟಿ ಬಡಿಯುವವರನ್ನು ಗಿರಾಕಿಗಳ ಕಣ್ಣೆದುರೇ ಕೂರಿಸಿದ್ದಾರೆ. ಅದು ನನಗೆ ಬಹಳ ಹಿಡಿಸಿತು. ಬಡಿಯುವವರ ಮುಖ ಕಂಡರೆ "ಯಕ್ಕಾ, ಇವತ್ತು ರೊಟ್ಟಿ ಚಲೋ ಆಗ್ಯಾವ್ರಿ" ಅಂತ ಹೇಳಲಾದರೂ ಆಗುತ್ತೆ.

ಮಾಂಸದೂಟ ಬೇಕು ಅನ್ನುವವರು ಸಾವಜಿ ಖಾನಾವಳಿ ಹುಡುಕಿ. ಕಣ್ಣಲ್ಲಿ ನೀರು ಬರುತ್ತೆ, ತಯಾರಾಗಿ ಹೋಗಿ. ಸಂಜೆ ಹೊತ್ತಿಗೆ ಮಿರ್ಚಿ ಭಜಿ, ಗಿರ್ಮಿಟ್ಟು ಯಾವ ಗಾಡಿಯಲ್ಲಾದರೂ ಸರಿ, ಎಣ್ಣೆಯ ಬಣ್ಣ ನೋಡಿಕೊಂಡು ನಿಲ್ಲಿ.

ಬನಶಂಕರಿಗೆ ಹನ್ನೆರಡು, ಹನ್ನೆರಡೂವರೆ ಒಳಗೆ ಮುಟ್ಟಿ. ಆಮೇಲೆ ಬುಟ್ಟಿಯಲ್ಲಿ ಒಳ್ಳೆಯ ಪಲ್ಯ ಉಳಿದಿರುವುದಿಲ್ಲ. ಚಿಲ್ಲರೆ ಇಟ್ಟುಕೊಳ್ಳಿ, ಚೌಕಾಸಿ ಮಾಡಬೇಡಿ. ಐಹೊಳೆ ಮುಗಿಸಿ ಹೋಗುವಾಗ ಹತ್ತಿರದ ಅಮೀನಗಡದಲ್ಲಿ ಕರದಂಟು ತಗೊಳ್ಳಿ. ಊರಿಗೆ ಒಯ್ಯಲು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಸಾಕು. ಗಡಿಗೆ ಮೊಸರನ್ನು ಬೆಂಗಳೂರಿಗೆ ಮುಟ್ಟಿಸುವ ಆಸೆ ಮಾತ್ರ ಬೇಡ. ಹುಬ್ಬಳ್ಳಿ ದಾಟುವಷ್ಟರಲ್ಲಿ ಹುಳಿ ಹಿಡಿಯುತ್ತೆ, ಬ್ಯಾಗಿಗೆ ಚೆಲ್ಲಿದರೆ ಬಟ್ಟೆಯೂ ಹಾಳು.